ಎಣ್ಣೆಗೆ ಎಷ್ಟು ಒತ್ತಡ, ಗಾಳಿಗೆ ಎಷ್ಟು ದಾರಿ

ದೊಡ್ಡ ಬೇಕರಿಗಳ ರೋಟರಿ ಓವನ್‌ಗೆ ಅಂಟಿಕೊಂಡು ಸದಾ ಗುಂಯ್‌ಗುಡುವ ಒಂದು ಡಬ್ಬಿ ಇರುತ್ತದೆ. ಅದು ಡೀಸೆಲ್ ಬರ್ನರ್. ಬಿಸಿ ಸಾಲದು ಎನ್ನಿಸಿದಾಗ ಪಂಪಿನ ಪ್ರೆಶರ್ ಸ್ಕ್ರೂ ತಿರುಗಿಸಲು ಯಾರಿಗಾದರೂ ಕೈ ತುರಿಸುತ್ತದೆ. ಆದರೆ ಹೆಚ್ಚು ಶಾಖ ಬೇಕೆಂದರೆ ಆ ಸ್ಕ್ರೂ ಅಷ್ಟೇನೂ ಉಪಕಾರಿಯಲ್ಲ.

ಡೀಸೆಲ್ ದ್ರವವಾಗಿದ್ದಾಗ ಉರಿಯುವುದಿಲ್ಲ, ಉರಿಯುವುದು ಅದರ ಆವಿ. ಬೇಗ ಆವಿಯಾಗಬೇಕಾದರೆ ಎಣ್ಣೆ ಮಂಜಿನಂತೆ ಒಡೆಯಬೇಕು. ಈ ಕೆಲಸ ನಾಜಲ್‌ನದು. ಅದರೊಳಗಿನ ಓರೆ ಸೀಳುಗಳಲ್ಲಿ ನುಗ್ಗಿದ ಎಣ್ಣೆ ಗಿರ್ರನೆ ಸುತ್ತಿ, ಕೂದಲೆಳೆಯಂಥ ರಂಧ್ರದಿಂದ ತೆಳು ಪೊರೆಯಾಗಿ ಹೊರಬಂದು ಹನಿಹನಿಯಾಗಿ ಚೆದುರುತ್ತದೆ. ಒತ್ತಡ ಹೆಚ್ಚಿದಷ್ಟೂ ಹನಿ ಸಣ್ಣದು. ಎಣ್ಣೆಯ ಪ್ರಮಾಣ ಮಾತ್ರ ಒತ್ತಡದ ವರ್ಗಮೂಲದ ಲೆಕ್ಕದಲ್ಲಿ ಏರುತ್ತದೆ. 7 ಬಾರ್‌ನಲ್ಲಿ ಗಂಟೆಗೆ 2.8 ಲೀಟರ್ ಬಿಡುವ ನಾಜಲ್ 10 ಬಾರ್‌ನಲ್ಲಿ ಸುಮಾರು 3.4 ಲೀಟರ್ ಬಿಡುತ್ತದೆ. ಇಮ್ಮಡಿ ಎಣ್ಣೆ ಬೇಕಿದ್ದರೆ ಒತ್ತಡ ನಾಲ್ಕು ಪಟ್ಟಾಗಬೇಕು! ಅದರ ಬದಲು ದೊಡ್ಡ ನಾಜಲ್ ಹಾಕುವುದೇ ಸರಿ. ಪ್ರೆಶರ್ ತಯಾರಕರು ಹೇಳಿದಷ್ಟಿರಲಿ, ಅದನ್ನೂ ಗೇಜ್ ಕೂರಿಸಿ ನೋಡಿಯೇ ಹೊಂದಿಸಬೇಕು.

ಇನ್ನು ಗಾಳಿ. ಒಂದು ಲೀಟರ್ ಡೀಸೆಲ್ ಪೂರ್ತಿ ಉರಿಯಲು ಸುಮಾರು 10,000 ಲೀಟರ್ ಗಾಳಿ ಬೇಕು, ಒಂದು ಪುಟ್ಟ ಕೋಣೆಯ ತುಂಬ. ಲೆಕ್ಕಕ್ಕೆ ಸರಿಯಾಗಿ ಅಷ್ಟೇ ಕೊಟ್ಟರೆ ಸಾಲದು. ಎಲ್ಲ ಹನಿಗೂ ಗಾಳಿ ಸಮನಾಗಿ ತಲುಪುವುದಿಲ್ಲವಾದ್ದರಿಂದ ಮಸಿ ಕಟ್ಟುತ್ತದೆ, ವಿಷಕಾರಿ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಗಾಳಿಯ ದಾರಿಯನ್ನು ಹಿಗ್ಗಿಸಿ ಕುಗ್ಗಿಸುವ ಡ್ಯಾಂಪರ್ ಪೂರ್ತಿ ತೆರೆದುಬಿಟ್ಟರೆ ಮಸಿಯೇನೋ ಹೋಗುತ್ತದೆ, ಆದರೆ ಕಾಸು ಕೊಟ್ಟು ಕಾಯಿಸಿದ ಗಾಳಿ ಸುಮ್ಮನೆ ಚಿಮಣಿ ಸೇರುತ್ತದೆ.

ಜ್ವಾಲೆಯ ಬಣ್ಣ ನೋಡಿ ಗಾಳಿಯ ಹದವನ್ನು ಅಳೆಯಬಲ್ಲೆ ಎನ್ನುವವರನ್ನು ನಾನು ನಂಬುವುದಿಲ್ಲ. ಅಳೆಯಬೇಕಾದದ್ದು ಚಿಮಣಿಯ ಹೊಗೆಯನ್ನು. ಕೈಪಂಪಿನಿಂದ ಹತ್ತು ಸಲ ಹೊಗೆ ಎಳೆದು ಬಿಳಿಯ ಸೋಸುಕಾಗದದ ಮೂಲಕ ಹಾಯಿಸುತ್ತಾರೆ; ಬಿದ್ದ ಕಲೆಯನ್ನು 0ಯಿಂದ 9ರವರೆಗಿನ ಬ್ಯಾಕರಾಕ್ ಪಟ್ಟಿಗೆ ಹೋಲಿಸುತ್ತಾರೆ. ಡ್ಯಾಂಪರನ್ನು ಸ್ವಲ್ಪಸ್ವಲ್ಪವೇ ಸರಿಸುತ್ತ ಕಲೆ ಇನ್ನೇನು ಮಾಯವಾಗುವ ಹಂತ ಹುಡುಕಿ, ಅಲ್ಲಿಂದ ತುಸು ಹೆಚ್ಚೇ ಗಾಳಿ ಬಿಡುತ್ತಾರೆ. ಹೊಗೆಯಲ್ಲಿ ಶೇಕಡಾ 4ರಷ್ಟು ಆಮ್ಲಜನಕ ಉಳಿದಿದ್ದರೆ ಹೆಚ್ಚುವರಿ ಗಾಳಿ ಸುಮಾರು ಶೇಕಡಾ 24 ಎಂದರ್ಥ. ಒಳ್ಳೆಯ ಹೊಂದಾಣಿಕೆ ಇದರ ಆಸುಪಾಸಿನಲ್ಲಿರುತ್ತದೆ. ಪ್ರೆಶರ್ ಅಥವಾ ನಾಜಲ್ ಬದಲಾದರೆ ಈ ಪರೀಕ್ಷೆಯನ್ನು ಮತ್ತೆ ಮೊದಲಿನಿಂದ ಮಾಡಬೇಕು.

ಆ 'ತುಸು ಹೆಚ್ಚು' ಯಾಕೆಂದು ಕೇಳುವವರಿಗೆ ನಮ್ಮ ಭೂಗೋಳವೇ ಉತ್ತರ ಕೊಡುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್‌ಗೂ ಎತ್ತರದಲ್ಲಿದೆ. ಉಷ್ಣತೆ ಒಂದೇ ಇದ್ದರೂ ಇಲ್ಲಿನ ಗಾಳಿ ಮಂಗಳೂರಿನದಕ್ಕಿಂತ ಸುಮಾರು ಶೇಕಡಾ 10ರಷ್ಟು ತೆಳು. ಬ್ಲೋವರ್ ನೂಕುವುದು ಗಾತ್ರವನ್ನೇ ಹೊರತು ತೂಕವನ್ನಲ್ಲ. ಮಂಗಳೂರಿನಲ್ಲಿ ಹೊಂದಿಸಿದ ಬರ್ನರನ್ನು ಲಾರಿಗೆ ಹೇರಿ ತಂದು ಇಲ್ಲಿ ಹಚ್ಚಿದರೆ ಆ 24ರಲ್ಲಿ ಅರ್ಧದಷ್ಟೇ ಉಳಿದೀತು. ಬ್ಲೋವರಿನ ರೆಕ್ಕೆಗೆ ಹಿಟ್ಟಿನ ಧೂಳು ಮೆತ್ತಿದರಂತೂ ಅದೂ ಇಲ್ಲ.

ತಣ್ಣನೆಯ ಎಣ್ಣೆಯದು ಇನ್ನೊಂದು ತಮಾಷೆ. ಮಂದವಾದ ಎಣ್ಣೆ ನಾಜಲ್‌ನಲ್ಲಿ ಸರಿಯಾಗಿ ಸುತ್ತುವುದಿಲ್ಲ. ಪೊರೆ ದಪ್ಪಗಾಗಿ, ಕಡಿಮೆಯಾಗುವ ಬದಲು ಹೆಚ್ಚು ಎಣ್ಣೆಯೇ ಹೊರಬೀಳುತ್ತದೆ, ಅದೂ ದಪ್ಪ ಹನಿಗಳಾಗಿ. ನಾಜಲ್ ಕಟ್ಟಿಕೊಂಡರೆ ಪಂಪ್ ಸ್ಟೌವಿಗೆ ಪಿನ್ ಹಾಕಿದ ಹಾಗೆ ಚುಚ್ಚುವುದು ಬೇಡ. ಗೀರು ಬಿದ್ದ ರಂಧ್ರ ಎಣ್ಣೆಯನ್ನು ಒಂದೇ ಪಕ್ಕಕ್ಕೆ ಚಿಮ್ಮಿಸುತ್ತದೆ. ಆಮೇಲೆ ಪ್ರೆಶರ್ ಎಷ್ಟಿಟ್ಟರೂ, ಡ್ಯಾಂಪರ್ ಎಷ್ಟು ತೆರೆದರೂ ಮಸಿ ನಿಲ್ಲುವುದಿಲ್ಲ. ಹೊಸದನ್ನೇ ಹಾಕಬೇಕು.