ಜಂಬೋಗೂ ಜಂಬೂ ಸವಾರಿಗೂ ನಂಟಿದೆಯೇ?

ಪ್ರಶ್ನೆ: ನಮ್ಮ ತಾಲ್ಲೂಕಿನ ಹೇಮಗುಡ್ಡದ ದಸರಾದಲ್ಲೂ ಆನೆ ಮೇಲೆ ಅಂಬಾರಿಯಿಟ್ಟು ಜಂಬೂ ಸವಾರಿ ನಡೆಸುತ್ತಾರೆ. ಈ ಹೆಸರು ಇಂಗ್ಲಿಷಿನ ‘ಜಂಬೋ’ದಿಂದ ಬಂದಿತೇ?
— ಓದುಗರೊಬ್ಬರು, ಗಂಗಾವತಿ

ಉತ್ತರ: ಇಲ್ಲ. ಎರಡೂ ಕಡೆ ಆನೆ ಇರುವುದರಿಂದ ಹಾಗನ್ನಿಸುವುದು ಸಹಜ. 1820ರ ದಶಕದ ಆಡು ಇಂಗ್ಲಿಷಿನಲ್ಲಿ ‘ಜಂಬೋ’ ಎಂದರೆ ದಡೂತಿ, ಒಡ್ಡೊಡ್ಡು ಮನುಷ್ಯ. 1865ರಲ್ಲಿ ಲಂಡನ್ ಮೃಗಾಲಯ ಸೇರಿದ ಆಫ್ರಿಕದ ಎಳೆಯ ಆನೆಯೊಂದರ ಹೆಸರೂ ಅದೇ. ಮಕ್ಕಳನ್ನು ಬೆನ್ನ ಮೇಲೆ ಹೊತ್ತು ಮೆಚ್ಚುಗೆ ಗಳಿಸಿದ ಆ ಆನೆಯನ್ನು 1882ರಲ್ಲಿ ಅಮೆರಿಕದ ಸರ್ಕಸ್ ಒಡೆಯ ಬಾರ್ನಮ್ ಕೊಂಡ. 1885ರಲ್ಲಿ ಕೆನಡಾದಲ್ಲಿ ರೈಲು ಬಡಿದು ಅದು ಸತ್ತಿತು. ಅದರ ಖ್ಯಾತಿಯಿಂದಾಗಿ ಹೀಗಳೆಯುವ ಪದಕ್ಕೆ ‘ಭಾರಿ’ ಎಂಬ ಅರ್ಥ ಗಟ್ಟಿಯಾಯಿತು.

1970ರಲ್ಲಿ ಪ್ರಯಾಣಿಕರ ಸೇವೆಗಿಳಿದ ಬೋಯಿಂಗ್ 747 ‘ಜಂಬೋ ಜೆಟ್’ ಎನಿಸಿತು. ಟೆಸ್ಟ್‌ನಲ್ಲಿ 619 ವಿಕೆಟ್ ಪಡೆದ ನಮ್ಮ ಅನಿಲ್ ಕುಂಬ್ಳೆಗೆ ‘ಜಂಬೋ’ ಪ್ರೀತಿಯ ಅಡ್ಡಹೆಸರು. ಮಂತ್ರಿಗಳು ಹೆಚ್ಚಾದಾಗ ಪತ್ರಿಕೆಗಳು ಬರೆಯುವ ‘ಜಂಬೋ ಸಂಪುಟ’ದಲ್ಲಿ ಮಾತ್ರ ಟೀಕೆಯ ದನಿ ಮರಳಿದೆ.

ಜಂಬೂ ಸವಾರಿಯ ದಾರಿಯೇ ಬೇರೆ. ಮೈಸೂರಿನ ಮೆರವಣಿಗೆ ಸಾಗುವುದು ಬನ್ನಿಮಂಟಪಕ್ಕೆ. ಬನ್ನಿಯ ಸಂಸ್ಕೃತ ಹೆಸರು ಶಮೀ, ತೆಲುಗಿನಲ್ಲಿ ಜಮ್ಮಿ. ಇದೇ ‘ಜಂಬಿ’ಯಾಗಿ ‘ಜಂಬೂ’ ಆಯಿತೆಂಬ ವಿವರಣೆಯುಂಟು. ಹಾಗಾದರೆ, ನಿಮ್ಮಲ್ಲಿ ದಸರೆಗೆ ಪರಸ್ಪರ ಹಂಚುವ ಬನ್ನಿ ಎಲೆಯೇ ಈ ಹೆಸರಿನ ಮೂಲ.