ಮಂದೆಯ ಹಾದಿ ತೆಂಕಣಕ್ಕೆ

ಮಾರ್ಗಶಿರದ ಚಳಿ ಬಯಲುಸೀಮೆಗೆ ಇಳಿಯುವ ಹೊತ್ತಿಗೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಹಾದಿಗಳಲ್ಲಿ ಒಂದು ಮೆರವಣಿಗೆ ಹೊರಡುತ್ತದೆ. ಮುಂದೆ ಒಂದು ಕತ್ತೆ. ಅದರ ಬೆನ್ನ ಮೇಲೆ ಸಂಸಾರಕ್ಕೆ ಬೇಕಾದ ಸಕಲ ಸಾಮಗ್ರಿ: ಹಿಟ್ಟಿನ ಚೀಲ, ನಾಲ್ಕಾರು ಪಾತ್ರೆ, ಕಂಬಳಿ, ಬಲೆ. ಹೇರಿನ ನಡುವಿನಿಂದ ಹಿಂದಿನ ರಾತ್ರಿ ಹುಟ್ಟಿದ ಮರಿಯೊಂದು ಇಣುಕುತ್ತಿರುತ್ತದೆ. ಅದರ ಹಿಂದೆ ಧೂಳೆಬ್ಬಿಸುತ್ತ ಸಾಗುವ ಕುರಿಗಳ ಹಿಂಡು. ಹಿಂಡಿನ ಹಿಂದೆ ಹೆಗಲ ಮೇಲೆ ಕೋಲಿಟ್ಟ ತಂದೆ, ಅವನ ಪಕ್ಕದಲ್ಲಿ ಮಗ. ಒಮ್ಮೆ ಮುಂದಕ್ಕೋಡಿ, ಒಮ್ಮೆ ಹಿಂದುಳಿದು, ಎಲ್ಲವನ್ನೂ ಸುತ್ತುವರಿದು ನಡೆಯುವ ಎರಡು ಮೂರು ನಾಯಿಗಳು.

ಇವರನ್ನು ನಾವು ಅಲೆಮಾರಿಗಳೆಂದು ಕರೆಯುತ್ತೇವೆ. ಗೊತ್ತಾದ ಕಾಲ, ಗೊತ್ತಾದ ಹಾದಿ, ಗೊತ್ತಾದ ಬಿಡಾರ ಇರುವವನು ಅಲೆಮಾರಿ ಹೇಗಾದಾನು? ಈ ಸೀಮೆ 1953ರ ಅಕ್ಟೋಬರಿನಲ್ಲಿ ಮದರಾಸು ಪ್ರಾಂತವನ್ನು ಬಿಟ್ಟು ಮೈಸೂರನ್ನು ಸೇರಿತು. ಹರಪನಹಳ್ಳಿ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಗಿ, 2018ರಲ್ಲಿ ಬಳ್ಳಾರಿಗೆ ಮರಳಿ, 2021ರಲ್ಲಿ ನೆರೆಯ ತಾಲ್ಲೂಕುಗಳೊಡನೆ ವಿಜಯನಗರ ಜಿಲ್ಲೆಯ ಪಾಲಾಯಿತು. ಸರಕಾರದ ನಕ್ಷೆ ಇಷ್ಟು ಸಲ ಬದಲಾದರೂ ಕುರಿಯ ಹಾದಿ ಮಾತ್ರ ಬದಲಾಗಲಿಲ್ಲ.

ಈ ಪಯಣಕ್ಕೆ ಕಾರಣ ನೆಲದಲ್ಲಿಯೇ ಇದೆ. ಇಲ್ಲಿಯದು ಮಳೆಯನ್ನೇ ನಂಬಿದ ಬೇಸಾಯ. ಜೋಳದ ಕೊಯಿಲು ಮುಗಿದ ಮೇಲೆ ಕುರುಚಲು ಗುಡ್ಡಗಳು ಬೋಳಾಗುತ್ತವೆ, ಹಳ್ಳಗಳು ಬತ್ತುತ್ತವೆ. ತೆಂಕಣಕ್ಕೆ ನಾಲ್ಕಾರು ದಿನಗಳ ನಡಿಗೆಯಲ್ಲಿ ಹರಿಹರ, ದಾವಣಗೆರೆಗಳ ಕಡೆ ಭದ್ರಾ ನಾಲೆಯ ನೀರಾವರಿ ಬಯಲು. ಅಲ್ಲಿ ಇದೇ ಹೊತ್ತಿಗೆ ಬತ್ತದ ಕೊಯಿಲು ಮುಗಿದು, ಗದ್ದೆಗಳಲ್ಲಿ ಕೂಳೆ ನಿಂತಿರುತ್ತದೆ. ಕೂಡ್ಲಿಗಿ, ಬೊಮ್ಮನಹಳ್ಳಿಗಳ ಹಿಂಡುಗಳು ಕೊಟ್ಟೂರಿನ ಮೇಲೆ, ಹಡಗಲಿಯ ಹಿಂಡುಗಳು ನೇರವಾಗಿ ಹರಪನಹಳ್ಳಿಗೆ ಇಳಿದು, ಅಲ್ಲಿಂದ ಮುಂದಕ್ಕೆ ಸಾಗುವುದು ಈ ಹುಲ್ಲು ನೀರುಗಳನ್ನರಸಿ.

ಕುರಿಗಾರನು ಅಲ್ಲಿಗೆ ಬೇಡಲು ಹೋಗುವುದಿಲ್ಲ. ಹಗಲು ಕೂಳೆ ಮೇಯ್ದ ಹಿಂಡು ರಾತ್ರಿ ಅದೇ ಹೊಲದಲ್ಲಿ ಮಲಗುತ್ತದೆ. ಬೆಳಗಾಗುವಾಗ ನೆಲದ ತುಂಬ ಹಿಕ್ಕೆ, ಗಂಜಳ. ಮರುರಾತ್ರಿ ಮಂದೆಯನ್ನು ಪಕ್ಕದ ತುಂಡಿಗೆ ಸರಿಸುತ್ತಾರೆ. ಹೀಗೆ ಇಡೀ ಹೊಲಕ್ಕೆ ಗೊಬ್ಬರ ಹರಡಿದಂತಾಗುತ್ತದೆ. ಹೊರುವ ಕೂಲಿಯಿಲ್ಲ, ಬಂಡಿಯ ಬಾಡಿಗೆಯಿಲ್ಲ. ಹೊಲದ ಒಡೆಯ ಇದಕ್ಕಾಗಿ ಕಾಳನ್ನೋ ಹಣವನ್ನೋ ಕೊಡುತ್ತಾನೆ. ಒಣಸೀಮೆಗೂ ನೀರಾವರಿ ಸೀಮೆಗೂ ನಡುವೆ ನಡೆದುಬಂದ ಈ ಕರಾರಿಗೆ ಕಾಗದವಿಲ್ಲ, ಮೊಹರಿಲ್ಲ, ಮಾತೇ ಸಾಕ್ಷಿ.

ಈ ಕರಾರಿನ ಕಾವಲುಗಾರನೇ ನಾಯಿ. ಬಯಲಿನಲ್ಲಿ ಬೇಲಿಯಿಲ್ಲದೆ ಮಲಗುವ ಮಂದೆಗೆ ಬೇಲಿಯೆಂದರೆ ಅದೇ. ತೋಳ ಈ ಸೀಮೆಯಿಂದ ಇನ್ನೂ ಮರೆಯಾಗಿಲ್ಲ. ಕಳ್ಳನಂತೂ ಎಲ್ಲ ಕಾಲದಲ್ಲಿಯೂ ಇದ್ದಾನೆ. ಕನ್ನಡ ನಾಡು ನಾಯಿಯ ಋಣವನ್ನು ಮರೆತ ನಾಡಲ್ಲ. ಹತ್ತನೆಯ ಶತಮಾನದ ಆತಕೂರಿನ ಶಾಸನದಲ್ಲಿ, ಮಣಲೇರನೆಂಬ ವೀರನು ಒಡೆಯನಿಂದ ಬೇಡಿ ಪಡೆದ ಕಾಳಿಯೆಂಬ ನಾಯಿ ಹಂದಿಯೊಡನೆ ಹೋರಾಡಿ ಸತ್ತುದನ್ನೂ, ಅದರ ನೆನಪಿಗೆ ಕಲ್ಲು ನಿಲ್ಲಿಸಿದುದನ್ನೂ ಹೇಳಿದೆ.

ಹಡಗಲಿ ತಾಲ್ಲೂಕಿನ ತುಂಗಭದ್ರೆಯ ದಡದಲ್ಲಿರುವ ಮೈಲಾರದಲ್ಲಂತೂ ಈ ಋಣ ಪೂಜೆಯಾಗಿದೆ. ಮಣಿಮಲ್ಲಾಸುರರನ್ನು ಕೊಲ್ಲಲು ಮೈಲಾರಲಿಂಗನು ಏಳು ಕೋಟಿ ದಂಡಿನೊಡನೆ ಬಂದಾಗ ನಾಯಿಗಳೂ ಸಂಗಡವಿದ್ದುವೆಂದು ನಂಬಿಕೆ. ಕರಿಯ ಕಂಬಳಿಯ ನಿಲುವಂಗಿ ತೊಟ್ಟು, ಕರಡಿಗೂದಲಿನ ಟೊಪ್ಪಿಗೆ ಧರಿಸಿದ ಗೊರವರು ದೋಣಿಯಲ್ಲಿ ತುಂಬಿಸಿದ ಹಾಲು ಹಣ್ಣುಗಳನ್ನು ಕೈ ಮುಟ್ಟಿಸದೆ, ನಾಯಿಗಳಂತೆ ಬೊಗಳುತ್ತ, ಕಚ್ಚಾಡುತ್ತ ಬಾಯಿಂದಲೇ ಸೇವಿಸುತ್ತಾರೆ. ದೇವರ ಮುಂದೆ ಮನುಷ್ಯನು ನಾಯಿಯಾಗಿ ನಿಲ್ಲುವ ಈ ವಿಧಿಯಲ್ಲಿ, ಮಂದೆ ಕಾಯ್ದ ಜನ ತಮ್ಮ ಸಂಗಾತಿಗೆ ಸಲ್ಲಿಸಿದ ಗೌರವವೇ ನನಗೆ ಕಾಣುತ್ತದೆ. ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಗೊರವಯ್ಯನು ಬಿಲ್ಲನ್ನೇರಿ ನುಡಿಯುವ ಕಾರ್ಣಿಕವನ್ನು, ದೂರದ ಗದ್ದೆಗಳಲ್ಲಿರುವ ಕುರಿಗಾರರೂ ಹೇಗಾದರೂ ತಿಳಿದುಕೊಳ್ಳುತ್ತಾರೆ. ಮುಂದಿನ ಮಳೆಯ ಮಾತು ಅದರಲ್ಲಿ ಅಡಗಿರುತ್ತದಲ್ಲವೆ?

ನನ್ನ ವಿದ್ಯಾರ್ಥಿಯೊಬ್ಬ ಕೂಡ್ಲಿಗಿ ಕಡೆಯ ಹಟ್ಟಿಯವನು. ತಂದೆಗೆ ಒಬ್ಬನೇ ಮಗ. ಪದವಿಯ ಕೊನೆಯ ವರ್ಷ. ತಂದೆಗೆ ವಯಸ್ಸಾಗಿದೆ, ಒಂದು ಕಾಲು ಎಳೆಯುತ್ತದೆ. "ನೀ ಓದಾಕ ಹೋಗು ತಮ್ಮಾ, ನನ್ನ ಜೋಡಿ ನಾಯಿ ಅದಾವು" ಎಂದು ಆತ ಹೇಳಿದರೂ ಹುಡುಗ ಕೇಳದೆ ಹಿಂಡಿನ ಹಿಂದೆ ನಡೆದ. ತಿರುಗಿ ಬಂದ ಮೇಲೆ ಅವನು ಹೇಳಿದ ಒಂದು ರಾತ್ರಿಯ ಸಂಗತಿ ಇದು. ಹರಪನಹಳ್ಳಿ ದಾಟಿ ಒಂದು ಹೊಲದಲ್ಲಿ ಬೀಡುಬಿಟ್ಟಿದ್ದಾಗ ನಾಯಿಗಳು ಬೊಗಳಿದವು. ಹುಡುಗ ಬ್ಯಾಟರಿ ಹಿಡಿದು ಎದ್ದ. ತಂದೆ ಕಂಬಳಿಯೊಳಗಿನಿಂದಲೇ, "ಮಲಕ್ಕೋ, ಅದು ನರಿಗೆ ಬೊಗಳೋದು" ಎಂದ. ಬೆಳಗಿನ ಜಾವದಲ್ಲಿ ಮತ್ತೊಮ್ಮೆ ಕೇಳಿದ್ದು ಬೊಗಳಲ್ಲ, ಗಂಟಲಿನೊಳಗಿನ ಗುರುಗುಟ್ಟು. ಹುಡುಗ ಕಣ್ಣು ಬಿಡುವಷ್ಟರಲ್ಲಿ ತಂದೆ ಕೋಲು ಹಿಡಿದು ಮಂದೆಯಾಚೆ ನಿಂತಿದ್ದ. ಬೆಳಗಾದಾಗ ಹಸಿ ಮಣ್ಣಿನ ಮೇಲೆ ತೋಳದ ಹೆಜ್ಜೆಗಳಿದ್ದವು. ಕುರಿಯೊಂದೂ ಕಡಮೆಯಾಗಿರಲಿಲ್ಲ, ದೊಡ್ಡ ನಾಯಿಯ ಕಿವಿ ಹರಿದಿತ್ತು. ತಂದೆ ಸೊಂಟದ ಗಂಟಿನಿಂದ ಮೈಲಾರದ ಭಂಡಾರ ತೆಗೆದು, ಗಾಯದ ಮೇಲೆ ಒತ್ತಿ, ತನ್ನ ರೊಟ್ಟಿಯಲ್ಲಿ ಅರ್ಧವನ್ನು ಅದಕ್ಕಿಟ್ಟ.

"ಆ ಎರಡು ಸದ್ದಿನ ಭೇದ ನನಗೆ ಇನ್ನೂ ತಿಳಿಯದು ಸಾರ್" ಎಂದ ಹುಡುಗ. ಹಳಗನ್ನಡದ ಪದ್ಯವನ್ನು ಅನ್ವಯಿಸಿ ಅರ್ಥ ಹೇಳಬಲ್ಲ ಹುಡುಗನಿವನು.

ಹಾದಿಯೂ ಈಗ ಮೊದಲಿನಂತಿಲ್ಲ. ಕೂಡ್ಲಿಗಿಯ ಮೂಲಕ ಹಾಯುವ ಹೆದ್ದಾರಿ ಚತುಷ್ಪಥವಾಗಿ, ಹಿಂಡು ಅದನ್ನು ದಾಟುವುದೇ ಒಂದು ಸಾಹಸವಾಗಿದೆ. ಊರ ಗೋಮಾಳಗಳು ಕಿರಿದಾಗಿವೆ. ಉಳಿದುದನ್ನು ಬಳ್ಳಾರಿ ಜಾಲಿ ನುಂಗಿದೆ. ಯಂತ್ರದಿಂದ ಕೊಯ್ದ ಗದ್ದೆಯಲ್ಲಿ ಉಳಿದ ಹುಲ್ಲಿಗೆ ಕೆಲವರು ಬೆಂಕಿಯಿಡುತ್ತಾರೆ; ಚೀಲದ ಗೊಬ್ಬರ ಬಂದಮೇಲೆ ಮಂದೆಗಾಗಿ ಕಾಯುವವರೂ ಕಡಮೆ. ಕುರಿಗಾರನ ಮಗ ಓದಿ ನೌಕರಿ ಹಿಡಿದರೆ ಸಂತೋಷಪಡುವವರಲ್ಲಿ ನಾನೂ ಒಬ್ಬ. ಚಳಿ, ತೋಳ, ಲಾರಿಗಳ ನಡುವಣ ಆ ಬಾಳನ್ನು ದೂರದಿಂದ ಹಾಡಿ ಹೊಗಳುವುದು ಸುಲಭ, ಬಾಳುವುದು ಕಷ್ಟ.

ಆದರೂ ಒಂದು ಮಾತನ್ನು ಆಡದಿರಲಾರೆ. ತಂದೆಯಿಂದ ಮಗನಿಗೆ ಹಾದಿಯಲ್ಲಿಯೇ ದಾಟಬೇಕಾದ ವಿದ್ಯೆಯೊಂದಿದೆ: ಯಾವ ಹಳ್ಳದಲ್ಲಿ ಎಷ್ಟು ದಿನ ನೀರಿದ್ದೀತು, ಯಾವ ಸೊಪ್ಪು ಹೊಟ್ಟೆಯುಬ್ಬಿಸೀತು, ಯಾವ ಊರಿನ ಗೌಡ ಮಾತಿಗೆ ನಿಂತಾನು, ನಾಯಿ ಏನನ್ನು ಹೇಳುತ್ತಿದೆ ಎಂಬುದೆಲ್ಲ ಅದರೊಳಗೆ ಬರುತ್ತದೆ. ಇದನ್ನು ಬರೆದಿಟ್ಟ ಗ್ರಂಥವಿಲ್ಲ, ನಡೆದೇ ಕಲಿಯಬೇಕು. ಓದಿದ ಮಕ್ಕಳು ಹಾದಿ ಬಿಟ್ಟರೂ ಬಿಡಲಿ. ಬಿಡುವ ಮುನ್ನ ಒಂದು ಚಳಿಗಾಲವಾದರೂ ತಂದೆಯ ಸಂಗಡ ನಡೆದು, ಅವನಿಗೆ ಗೊತ್ತಿರುವುದನ್ನು ಕೇಳಿ ತಿಳಿಯಲಿ. ಹಿಂಡು ಮಾರಿದ ಹಟ್ಟಿಯಲ್ಲಿ ನಾಯಿ ಆಗಲೂ ಬೊಗಳೀತು. ಆ ಬೊಗಳಿಗೆ ಅರ್ಥ ಹೇಳುವವರು ಯಾರಾದರೂ ಉಳಿದಿರಬೇಕಷ್ಟೆ.