ಮಲ್ಟಿಪಲ್ ಸ್ಕ್ಲೆರೋಸಿಸ್‌ನಲ್ಲಿ ಕಂಪನ ಚಿಕಿತ್ಸೆ ಮತ್ತು ವ್ಯಾಯಾಮ

ಮಲ್ಟಿಪಲ್ ಸ್ಕ್ಲೆರೋಸಿಸ್ ರೋಗದಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ಮಿದುಳು ಮತ್ತು ಬೆನ್ನುಹುರಿಯ ನರತಂತುಗಳ ಹೊದಿಕೆಯಾದ ಮಯಲಿನ್‌ಗೆ ಹಾನಿಯುಂಟುಮಾಡುತ್ತದೆ. ಇದರಿಂದ ಸ್ನಾಯುಗಳ ಬಿಗಿತ, ದೌರ್ಬಲ್ಯ, ಆಯಾಸ ಹಾಗೂ ಸಮತೋಲನದ ತೊಂದರೆಗಳು ತಲೆದೋರುತ್ತವೆ.

ವ್ಯಾಯಾಮ

1890ರಲ್ಲಿ ಜರ್ಮನಿಯ ನೇತ್ರತಜ್ಞ ವಿಲ್ಹೆಲ್ಮ್ ಊಟ್‌ಹಾಫ್ ಅವರು ಶ್ರಮದ ಬಳಿಕ ರೋಗಿಗಳ ದೃಷ್ಟಿ ಮಂಕಾಗುವುದನ್ನು ವರ್ಣಿಸಿದರು. ಬಹುಕಾಲ ವೈದ್ಯರು ವ್ಯಾಯಾಮ ಬೇಡವೆಂದೇ ಸಲಹೆ ನೀಡುತ್ತಿದ್ದರು. ದೇಹದ ಉಷ್ಣತೆಯ ಏರಿಕೆಯೇ ಇದಕ್ಕೆ ಕಾರಣವೆಂದೂ, ಮೈ ತಣಿದೊಡನೆ ತೊಂದರೆ ಇಳಿಯುವುದೆಂದೂ ನಂತರ ತಿಳಿದುಬಂದಿತು. ಇಂದು ಶಕ್ತಿಗೆ ಅನುಗುಣವಾದ ವ್ಯಾಯಾಮವನ್ನು ಪ್ರೋತ್ಸಾಹಿಸಲಾಗುತ್ತದೆ.

ಕಂಪನ ಚಿಕಿತ್ಸೆ

ಇದರಲ್ಲಿ ರೋಗಿಯು ಕಂಪಿಸುವ ವೇದಿಕೆಯ ಮೇಲೆ ಮಂಡಿಗಳನ್ನು ತುಸು ಬಾಗಿಸಿ ನಿಲ್ಲಬೇಕು. ಕಂಪನವು ಸ್ನಾಯುಗಳೊಳಗಿನ ಸಂವೇದಕಗಳನ್ನು ಪ್ರಚೋದಿಸಿ, ಅವು ತಾವಾಗಿಯೇ ಸಂಕುಚಿಸುವಂತೆ ಮಾಡುತ್ತದೆ. ಈ ಕುರಿತ ಅಧ್ಯಯನಗಳು ಸಣ್ಣ ಪ್ರಮಾಣದವು, ಫಲಿತಾಂಶಗಳಲ್ಲಿ ಏಕರೂಪತೆಯಿಲ್ಲ. ಆದ್ದರಿಂದ ಇದು ವ್ಯಾಯಾಮಕ್ಕೆ ಪೂರಕವೇ ಹೊರತು ಪರ್ಯಾಯವಲ್ಲ.